ಸಂಜೆಯ ಸಾಲು

ಹಿರಿಸೊಸೆಗೂ ಕಿರಿಸೊಸೆಗೂ ಎಣ್ಣೆ ಸೀಗೆಕಾಯಿ. ಹಿರಿಯವಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಕಿರಿಯವಳು ಕಂಪ್ಯೂಟರ್ ಕಲಿತವಳು, ಕಲಿತದ್ದನ್ನು ಎಲ್ಲರಿಗೂ ನೆನಪಿಸುತ್ತಲೇ ಇರುವವಳು. ಅತ್ತೆಯ ಮಾತ್ರೆಗಳ ಪಟ್ಟಿ ಮನೆಯ ಕಂಪ್ಯೂಟರಿನಲ್ಲಿ ಬರೀ ಅಕ್ಷರಗಳ ಒಂದು ಫೈಲಾಗಿತ್ತು. ಹಿರಿಯವಳು ಸ್ಪೇಸ್ ಒತ್ತಿ ಒತ್ತಿ, ಗೀಟಿನ ಕೆಳಗೆ ಗೀಟು ಕೂರಿಸಿ ಅದನ್ನು ಜೋಡಿಸಿದ್ದಳು. ‘ಬೆಳಿಗ್ಗೆ’ ಎಂಬ ತಲೆಬರಹದ ಕೆಳಗೆ ಕೆಲವು ಮಾತ್ರೆ, ‘ಸಂಜೆ’ಯ ಕೆಳಗೆ ಕೆಲವು. ಮಾತ್ರೆ ಕೊಡುವ ಬೆಳಗಿನ ಪಾಳಿ ಅವಳದು, ಸಂಜೆಯದು ಕಿರಿಯವಳದು.

ವೈದ್ಯರು ರಕ್ತದೊತ್ತಡಕ್ಕೆ ಹೊಸ ಮಾತ್ರೆ ಬರೆದ ದಿನ ಹಿರಿಯವಳು ಅದನ್ನು ಎರಡೂ ತಲೆಬರಹದ ಕೆಳಗೆ ಒಂದೊಂದು ಸಾಲಾಗಿ ಸೇರಿಸಿ, ಮತ್ತೆ ಸ್ಪೇಸ್ ಒತ್ತುತ್ತ ಕೂತಳು.

“ಏನಕ್ಕಾ, ಇನ್ನೂ ಗೀಟು ಜೋಡಿಸ್ತಾ ಇದ್ದೀರಾ? ಏಳಿ, ಒಂದು ಸ್ಕ್ರಿಪ್ಟ್ ಬರೆದು ಬಿಸಾಕ್ತೀನಿ” ಎಂದಳು ಕಿರಿಯವಳು.

ಪಟ್ಟಿ ತೆರೆದಿದ್ದ ಎಡಿಟರಿನಲ್ಲೇ ಆ ಪುಟ್ಟ ಪ್ರೋಗ್ರಾಮನ್ನು ಬರೆದಳು. ಒಂದು ಕೀಲಿ ಒತ್ತಿದರೆ ಕಾಲಮ್ಮುಗಳು ತಾವೇ ಸರಿದು ನೆಟ್ಟಗೆ ನಿಲ್ಲುತ್ತಿದ್ದವು. ಒಂದೇ ಸಾಲು ಎರಡು ಸಲ ಬಂದಿದ್ದರೆ ಎರಡನೆಯದು ಅಳಿಸಿಹೋಗುತ್ತಿತ್ತು. ಮುದ್ರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದಳು.

“ಹೇಗಿದೆ? ನಿಮಗಾಗಿದ್ರೆ ಅರ್ಧ ದಿನ ಬೇಕಿತ್ತು.”

ಹಿರಿಯವಳ ಮೈಯೆಲ್ಲ ಉರಿದುಹೋಯಿತು. ಆದರೂ ಕಣ್ಣು ತನ್ನ ಕೆಲಸ ಮಾಡಿತು. ಹೊಸ ಮಾತ್ರೆಯ ಎರಡು ಸಾಲೂ ಒಂದೇ ತೆರನಾಗಿದ್ದವು. ಸ್ಕ್ರಿಪ್ಟ್ ಸಂಜೆಯದನ್ನು ನುಂಗಿಹಾಕಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಎಲ್ಲರೆದುರು ಇವಳ ಜಂಬ ಇಳಿಯಲಿ, ಆಮೇಲೆ ನೋಡೋಣ ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಹಾಳು ದ್ವೇಷಕ್ಕೆ ಅಷ್ಟು ತಾಳ್ಮೆ ಎಲ್ಲಿಂದ ಬರುತ್ತದೋ!

ಕೆಲವೇ ದಿನಗಳಲ್ಲಿ ಅತ್ತೆ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಗೆ ಕಿತ್ತು ತಂದಿದ್ದ ಪಟ್ಟಿ ನೋಡಿದ ವೈದ್ಯರು, “ಬಿಪಿ ಮಾತ್ರೆ ಸಂಜೆ ಯಾಕೆ ಕೊಟ್ಟಿಲ್ಲ?” ಎಂದು ಗದರಿದರು. ಕಿರಿಯವಳು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದಳು.

“ನನ್ನ ಸ್ಕ್ರಿಪ್ಟೇ ಅಳಿಸಿದೆ. ತಪ್ಪು ನಂದೇ” ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಹಿರಿಯವಳು ಕಾದಿದ್ದ ಗಳಿಗೆ ಇದೇ. ಅಷ್ಟರಲ್ಲಿ ಅತ್ತೆ ಕಿರಿಯವಳ ಕೈ ಹಿಡಿದುಕೊಂಡರು.

“ಅಳಬೇಡ್ವೇ. ಡಾಕ್ಟ್ರು ಎರಡು ಹೊತ್ತು ಅಂದಿದ್ದು ನನಗೆ ನೆನಪಿತ್ತು. ಆದ್ರೆ ಪಟ್ಟೀನ ದೊಡ್ಡೋಳು ನೋಡಿರ್ತಾಳಲ್ಲ, ನನಗೇ ಅರಳುಮರಳು ಅಂದ್ಕೊಂಡು ಸುಮ್ಮನಾದೆ. ಅವಳ ಕಣ್ಣು ತಪ್ಪಿಸಿ ಒಂದು ಚುಕ್ಕೆನೂ ಹೋಗಲ್ಲ.”

ಕಿರಿಯವಳ ಅಳು ನಿಂತಿತು. ತಲೆಯೆತ್ತಿ ವಾರಗಿತ್ತಿಯನ್ನೇ ದಿಟ್ಟಿಸಿದಳು.

“ನೀವು ನೋಡಿದ್ರಾ, ಅಕ್ಕಾ?”

ಹಿರಿಯವಳು ಅತ್ತೆಯ ಹೊದಿಕೆಯ ಅಂಚನ್ನು ಎಳೆದೆಳೆದು ನೆಟ್ಟಗೆ ಮಾಡುತ್ತಲೇ ಇದ್ದಳು.