ಗಾಜಿನ ಎಳೆಯೂ ಮಾಳಿಗೆಯ ತಟ್ಟೆಯೂ

ನಾನು ಗಾಜಿನ ಒಂದು ಎಳೆ. ಕುಲುಮೆಯ ಬೆಂಕಿಯಲ್ಲಿ ಮೆತ್ತಗಾಗಿಸಿ ನನ್ನನ್ನು ಕೂದಲಿನಷ್ಟು ಸಣ್ಣಗೆ ಎಳೆದರು. ನನ್ನಂಥ ಹಲವರನ್ನು ಒಟ್ಟುಗೂಡಿಸಿ, ಕರಿಯ ಕವಚ ತೊಡಿಸಿ, ದೊಡ್ಡ ಗಾಲಿಗೆ ಸುತ್ತಿ ಲಾರಿ ಹತ್ತಿಸಿದರು. ಗದಗಿನ ಕಡೆಯ ಹಿರೇಕುಂಟಿ ಎಂಬ ಊರಿನ ದಾರಿಯ ಪಕ್ಕ, ಕರಿಮಣ್ಣಿನಲ್ಲಿ ಹೂಳಿದರು. ಬದುಕು ಮುಗಿಯಿತೆಂದುಕೊಂಡೆ. ಹೂಳಿದ ಮೇಲೆಯೇ ಅದು ಶುರುವಾಯಿತು: ಮೈಯೊಳಗೆ ಬೆಳಕು ಹರಿಯಿತು.

ನನ್ನ ಒಂದು ತುದಿ ಊರಿನ ಸಣ್ಣ ಆಸ್ಪತ್ರೆಯ ಗೋಡೆಯ ಪೆಟ್ಟಿಗೆಯಲ್ಲಿತ್ತು. ರೋಗಿಗಳ ಚಿತ್ರ, ಜಿಲ್ಲೆಯ ಡಾಕ್ಟರ ಮಾತು ಎಲ್ಲವೂ ನನ್ನೊಳಗಿಂದಲೇ ಹೋಗಿಬರುತ್ತಿದ್ದವು. ಮಾಳಿಗೆಯ ಮೇಲೆ ಮಾತ್ರ ಬಿಳಿಯ ತಟ್ಟೆಯೊಂದು ಮುಗಿಲು ನೋಡುತ್ತ ನಿಂತಿತ್ತು. ಉಪಗ್ರಹದೊಡನೆ ಮಾತನಾಡುವುದು ಅದರ ಕೆಲಸ. ನಾನು ಕೈಕೊಟ್ಟರೆ ಅದರ ಸರದಿ. ದಟ್ಟ ಮೋಡ ಕವಿದರೆ ಅದು ಮೂಕ. ಅದನ್ನು ಕಂಡು ಒಳಗೊಳಗೇ ನಗುತ್ತಿದ್ದೆ. ಮಳೆ ನನ್ನನ್ನೇನು ಮಾಡೀತು?

ನಾನಿರುವ ಜಾಗ ತಿಳಿಯಲೆಂದು ದಾರಿಯುದ್ದಕ್ಕೂ ಗುರುತಿನ ಕಲ್ಲು ನೆಟ್ಟಿದ್ದರು. ಬಾವಿಯ ಹತ್ತಿರದ ಕಲ್ಲಿಗೆ ಹೆಂಗಸರು ಅರಿಷಿಣ ಹಚ್ಚಿ ಊದುಬತ್ತಿ ಬೆಳಗತೊಡಗಿದರು. ಅದರ ಭಕ್ತರಲ್ಲಿ ಮುಂದಾಳು ಮುದುಕ ಫಕೀರಪ್ಪ. ಒಂದು ಮುಂಜಾನೆ ಅವನ ಕೂಗು ಕೇಳಿಸಿತು.

“ಥೂ ಹಲ್ಕಟ್ ನಾಯೀ! ದೇವರ ಮ್ಯಾಲೆ ಕಾಲ ಎತ್ತತೀ?”

“ಅದು ಕೇಬಲ್ಲಿನ ಕಲ್ಲೋ ಮಾರಾಯಾ!” ಎಂದು ಯಾರೋ ನಕ್ಕರು.

“ನಿನಗ ಕಲ್ಲು, ನನಗ ದೇವ್ರು. ಬಾ, ಆ ಕಡೆ ಹಿಡೀ.”

ಕಲ್ಲು ಬೇವಿನ ಕಟ್ಟೆಯೇರಿತು. ನಾನು ಗುರುತಿಲ್ಲದವನಾದೆ.

ಮುಂದಿನ ಮಳೆಗಾಲ ನಲ್ಲಿಯ ಪೈಪು ಹಾಕಲು ಜೆಸಿಬಿ ಬಂತು. ಕಲ್ಲಿಲ್ಲದ ಜಾಗ ನೋಡಿ ಹಲ್ಲು ಇಳಿಸಿತು. ನಾನು ತುಂಡಾದೆ. ನನ್ನನ್ನೇ ನಂಬಿದ್ದ ಮೊಬೈಲ್ ಗೋಪುರವೂ ಸತ್ತಿತು.

ಅಂದೇ ಫಕೀರಪ್ಪನ ಹೆಂಡತಿ ನೀಲಗಂಗವ್ವನಿಗೆ ಎದೆನೋವು ಬಂದು ಆಸ್ಪತ್ರೆಗೆ ಹೊತ್ತು ತಂದರು. ಹಳ್ಳ ತುಂಬಿ ದಾರಿ ಕಟ್ಟಿತ್ತು, ಆಂಬ್ಯುಲೆನ್ಸ್ ಬರುವಂತಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ನನ್ನ ತುದಿಗೆ ಬೆಳಕಿರಲಿಲ್ಲ, ಕಿವಿ ಇತ್ತು. ನರ್ಸ್ ಜಯಶೀಲಾ ಇಸಿಜಿ ತೆಗೆದಳು. ತಟ್ಟೆ ಅದನ್ನು ಮುಗಿಲಿಗೇರಿಸಿ ಜಿಲ್ಲೆಯ ಹೃದಯದ ಡಾಕ್ಟರಿಗೆ ಮುಟ್ಟಿಸಿತು. ಯಾರನ್ನು ಕಂಡು ನಗುತ್ತಿದ್ದೆನೋ ಆ ತಟ್ಟೆಯೇ ನನ್ನಿಂದಾಗದ್ದನ್ನು ಮಾಡಿತು.

“ಈಗ ಗುಳಿಗಿ ಕೊಡ್ರಿ ಸಿಸ್ಟರ್. ಸ್ವಲ್ಪ ತಡದು ಇನ್ನೊಂದು ಇಸಿಜಿ ಕಳಸ್ರಿ. ಅದನ್ನ ನೋಡದ ಇಂಜೆಕ್ಷನ್ ಕೊಡಬ್ಯಾಡ್ರಿ, ತಪ್ಪಿದ್ರ ಜೀವಕ್ಕ ಕುತ್ತು,” ಎಂದು ಡಾಕ್ಟರ ದನಿ ಬಂತು.

ಎರಡನೆಯದು ತೆಗೆಯುವಷ್ಟರಲ್ಲಿ ಕಾರ್ಮೋಡ ಕವಿಯಿತು. ತಟ್ಟೆ ಮೂಕವಾಯಿತು.

ಇತ್ತ, ಹಳ್ಳ ತುಂಬುವ ಮೊದಲೇ ಬಂದಿದ್ದ ಕೇಬಲ್ ಜೋಡಿಸುವ ಮೌಲಾಸಾಬ ನಾನು ತುಂಡಾದ ಗುಂಡಿಯಲ್ಲಿ ಕೂತಿದ್ದ. “ಒಂದು ಹನಿ ಬಿದ್ರೂ ಜೋಡಾಗಂಗಿಲ್ಲ!” ಎಂದು ಕೂಗಿದ. ಫಕೀರಪ್ಪ ತಾಡಪಾಲು ಹಿಡಿದು ಓಡಿಬಂದ. ಹಿಂದೆ ಅರಿಷಿಣ ಹಚ್ಚುತ್ತಿದ್ದ ಹೆಂಗಸರೆಲ್ಲ ಬಂದು ಮೂಲೆ ಹಿಡಿದರು.

“ಆ ಕಲ್ಲ ಕಿತ್ತವ ನಾನ, ತಮ್ಮಾ.”

“ಆಮ್ಯಾಲ ಬೈತೀನಿ ಕಾಕಾ. ಈಗ ಬಿಗಿಯಾಗಿ ಹಿಡೀ, ಕೈ ನಡುಗಿಸಬ್ಯಾಡ.”

“ಅಕಿ ಸಾಯಾಕತ್ತಾಳಪಾ. ನಡುಗಬ್ಯಾಡ ಅಂದ್ರ ಹ್ಯಾಂಗ?”

“ನೀ ಶಿವನ್ನ ನೆನಿ. ನಾ ಅಲ್ಲಾನ್ನ ನೆನೀತೀನಿ.”

ಮುದುಕ ಕಣ್ಣು ಮುಚ್ಚಿದ. ತಾಡಪಾಲು ಅಲುಗಲಿಲ್ಲ. ಮೌಲಾಸಾಬ ಮೊದಲು ಆಸ್ಪತ್ರೆಯ ಎಳೆಯನ್ನೇ, ನನ್ನನ್ನೇ, ಆರಿಸಿಕೊಂಡ. ತುದಿಗಳನ್ನು ಒರೆಸಿ, ನೆಟ್ಟಗೆ ಕತ್ತರಿಸಿ, ಯಂತ್ರದಲ್ಲಿ ಎದುರುಬದುರು ಇಟ್ಟ. ಕಿಡಿ ಹಾರಿತು. ಗಾಜು ಗಾಜಿಗೆ ಬೆಸೆಯಿತು. ಬೆಳಕು ಬಂತು! ಮೇಲೆ ಮಳೆ ಕೊಡ ಸುರಿದಂತೆ ಸುರಿಯುತ್ತಿತ್ತು, ನಾನು ಎರಡನೆಯ ಇಸಿಜಿ ಹೊತ್ತು ಓಡಿದೆ.

“ಕೊಡ್ರಿ ಸಿಸ್ಟರ್, ಈಗ ಕೊಡ್ರಿ!”

ಸಂಜೆ ನೀಲಗಂಗವ್ವ ಕಣ್ಣು ತೆರೆದು ಗಂಡನ ಕೆಸರುಮೆತ್ತಿದ ಧೋತರ ನೋಡಿದಳು. “ಎಲ್ಲಿ ಹೊರಳ್ಯಾಡಿ ಬಂದಿ? ಇದನ್ನ ಯಾರು ಒಗೀಬೇಕು?” ಎಂದಳು. ಫಕೀರಪ್ಪ ಗೋಡೆಗೆ ಮುಖ ಮಾಡಿ ಅತ್ತ.

ನಾನೀಗ ಹಳಬ. ಗುದ್ದಲಿಗೆ ಸಿಗದವನು ಮೋಡಕ್ಕೆ ಸಿಗುತ್ತಾನೆ, ಮೋಡಕ್ಕೆ ಸಿಗದವನು ಗುದ್ದಲಿಗೆ. ಭಗವಂತ ಯಾರೊಬ್ಬನನ್ನೂ ಪೂರ್ಣನನ್ನಾಗಿ ಮಾಡಲಿಲ್ಲ. ಅದಕ್ಕೇ ಮೇಲೊಬ್ಬನನ್ನು, ಕೆಳಗೊಬ್ಬನನ್ನು ಇಟ್ಟ. ತಟ್ಟೆಯನ್ನು ಕಂಡು ನಗುವುದನ್ನು ಬಿಟ್ಟಿದ್ದೇನೆ.

ಅಗಲಿದವರನ್ನು ಯಾವ ಎಳೆಯೂ ತಂದುಕೊಡಲಾರದು. ಆದರೆ ಉಳಿದವಳೊಬ್ಬಳು ಸಂತೆಯ ದಿನ ರೊಟ್ಟಿಯ ಬುಟ್ಟಿ ಹೊತ್ತು ನನ್ನ ಮೇಲೆಯೇ ನಡೆದುಹೋಗುತ್ತಾಳೆ, ಹಿಂದೆ ಬೀಳುವ ಗಂಡನನ್ನು ಬೈಯುತ್ತ. ಆ ಬೈಗುಳ ಮಣ್ಣಿನೊಳಗೂ ಕೇಳಿಸುತ್ತದೆ. ನೆಲದಲ್ಲಿ ಮಲಗಿದವನಿಗೆ ಇದಕ್ಕಿಂತ ದೊಡ್ಡ ಜಯಕಾರ ಬೇಕಿಲ್ಲ.