ಪರೀಕ್ಷೆಗೆ ಹೋದ ಹೀಟರ್

ನನ್ನ ಅಣ್ಣನಿಗೆ ಯಾವ ವಸ್ತುವನ್ನೂ ಬಿಚ್ಚದೆ ನೋಡಲು ಬರುವುದಿಲ್ಲ. ಹೊಸ ಗಡಿಯಾರ ತಂದುಕೊಟ್ಟರೆ ಗಂಟೆ ಎಷ್ಟಾಯಿತೆಂದು ನೋಡುವ ಬದಲು ಅದನ್ನು ಮಗುಚಿ ಸ್ಕ್ರೂ ಎಲ್ಲಿದೆ ಎಂದು ಹುಡುಕುವ ಜಾತಿ. ಬೀದಿಯವರು ಅವನಿಗೆ ಸ್ಕ್ರೂ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಮೂವತ್ತೊಂದು ವರ್ಷ ಒಂದು ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು ಊರಿನವರ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಫ್ಯಾನು ಎಲ್ಲ ರಿಪೇರಿ ಮಾಡಿದ. ಅವನ ಸ್ವಂತ ಮನೆಯ ಫ್ಯಾನು ಮಾತ್ರ ಆ ಮೂವತ್ತೊಂದು ವರ್ಷವೂ ಟಕಟಕ ಎನ್ನುತ್ತಲೇ ತಿರುಗಿತು. ಅತ್ತಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡು ಕೊನೆಗೆ ಸುಮ್ಮನಾದಳು. ಮನೆಯದು ತಾನೇ, ನೋಡೋಣ ಎನ್ನುವುದು ಅವನ ಖಾಯಂ ಉತ್ತರ.

ನಾನು ಅವನ ಒಬ್ಬಳೇ ತಂಗಿ. ಹೊರದೇಶದಿಂದ ಬಂದರಿಗೆ ಬಂದಿಳಿಯುವ ಸರಕಿಗೆ ಕಾಗದಪತ್ರ ಮಾಡಿಕೊಡುವ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಒಳ್ಳೆಯವಳು ಅನ್ನಿಸಿಕೊಳ್ಳುವ ಚಪಲವಿಲ್ಲ. ಗಂಡನ ಜೊತೆ ನಾಲ್ಕು ವರ್ಷ ಏಗಿ ಬಿಟ್ಟು ಬಂದೆ. ಮಕ್ಕಳಿಲ್ಲ. ಭಾನುವಾರ ಅಣ್ಣನ ಮನೆಯಲ್ಲಿ ಊಟ, ಊಟದ ಜೊತೆ ಒಂದು ಜಗಳ, ಜಗಳದ ಮೇಲೆ ನಿದ್ದೆ. ನನ್ನವರು ಅಂತ ಹೇಳಿಕೊಳ್ಳುವುದಕ್ಕೆ ಅವರಿಬ್ಬರನ್ನು ಬಿಟ್ಟರೆ ನನಗೆ ಯಾರೂ ಇರಲಿಲ್ಲ.

ರಿಪೇರಿ ಕೆಲಸ ಬರಬರುತ್ತಾ ಬತ್ತಿಹೋಯಿತು. ಕೆಟ್ಟದ್ದನ್ನು ಎಸೆದು ಹೊಸದು ತರುವ ಕಾಲ. ಅದೂ ಸಾಲದೆಂಬಂತೆ ಆ ಕಟ್ಟಡವನ್ನೇ ಕೆಡವುತ್ತೇವೆಂದು ಮಾಲೀಕರು ಹೇಳಿಕಳಿಸಿದರು. ಆಗ ಅಣ್ಣನ ತಲೆಗೆ ಹುಳ ಬಿಟ್ಟವಳು ನಾನೇ. ನೀನೂ ಏನಾದರೂ ಹೊರಗಿನಿಂದ ತರಿಸಿ ಮಾರು, ಕಾಗದದ ತಲೆನೋವು ನನಗಿರಲಿ ಅಂದೆ. ಚಳಿಗಾಲಕ್ಕೆ ನಾಲ್ಕು ತಿಂಗಳಿತ್ತು. ಕೋಣೆ ಬೆಚ್ಚಗೆ ಮಾಡುವ ಹೀಟರ್ ಎಂದು ನಿಶ್ಚಯವಾಯಿತು. ತಗಡಿನ ಮೈಯವು, ಆರುನೂರು. ನರ್ಸಿಂಗ್ ಓದುವ ಹುಡುಗಿಯರ ದೊಡ್ಡದೊಂದು ಹಾಸ್ಟೆಲ್ಲಿನ ಮ್ಯಾನೇಜರು ನಾನೂರು ತೆಗೆದುಕೊಳ್ಳಲು ಒಪ್ಪಿದ. ಉಳಿದ ಇನ್ನೂರಕ್ಕೆ ಅಂಗಡಿಗಳಿದ್ದವು. ಅಣ್ಣ ಇದ್ದಬದ್ದದ್ದನ್ನೆಲ್ಲ ಸುರಿದು, ಗೂಡಂಗಡಿಯ ಬೀಗದ ಕೈ ಮಾಲೀಕರಿಗೆ ಒಪ್ಪಿಸಿ, ಐವತ್ತಾರನೇ ವಯಸ್ಸಿನಲ್ಲಿ ವ್ಯಾಪಾರಿ ಆದ. ಇದು ಕೈಕೊಟ್ಟರೆ ಅವನಿಗೆ ಹಿಂದಕ್ಕೆ ಹೋಗಲು ಜಾಗವಿರಲಿಲ್ಲ.

ವಿದ್ಯುತ್ ಸಾಮಾನೆಂದರೆ ನಮ್ಮಲ್ಲಿ ಕಾನೂನು ಬಿಗಿ. ರಾಷ್ಟ್ರೀಯ ಗುಣಮಟ್ಟದ ಮುದ್ರೆ ಇಲ್ಲದ ಒಂದೇ ಒಂದು ಹೀಟರೂ ಬಂದರಿನ ಗೇಟು ದಾಟುವಂತಿಲ್ಲ. ಮುದ್ರೆ ಬೇಕೆಂದರೆ ಒಂದು ಮಾದರಿಯನ್ನು ಸರ್ಕಾರ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಅವರು ಅದನ್ನು ಕಾಯಿಸಿ, ಕುಲುಕಿಸಿ, ನೀರು ಚಿಮುಕಿಸಿ, ಬೀಳಿಸಿ ನೋಡುತ್ತಾರೆ. ಅದು ಗೆದ್ದರೆ ಅದೇ ಮಾದರಿಯ ಉಳಿದವೆಲ್ಲ ಗೆದ್ದಂತೆ. ಹೀಟರ್ ಮಾಡುವ ಹೊರದೇಶದ ಕಾರ್ಖಾನೆಯವರು ಪರೀಕ್ಷೆಗೆಂದು ಎರಡು ಮಾದರಿ ಕಳಿಸಿದರು. ಒಂದನ್ನು ಪ್ರಯೋಗಾಲಯಕ್ಕೆ ಕಳಿಸು, ಇನ್ನೊಂದು ಮನೆಯಲ್ಲಿರಲಿ ಎಂದು ಅಣ್ಣನಿಗೆ ಹೇಳಿದೆ. ಬಿಚ್ಚಬೇಡ ಎಂದು ಹೇಳಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಅಣ್ಣನಾದರೂ, ಆ ಮಾತು ನನ್ನ ಬಾಯಿಗೆ ಬರಲಿಲ್ಲ ನೋಡಿ.

ಮಾದರಿ ಮೊದಲನೇ ಸಲಕ್ಕೇ ಪಾಸಾಯಿತು. ನಮ್ಮ ಕಚೇರಿಯಲ್ಲಿ ಎರಡು ಮೂರು ಸಲ ಫೇಲಾಗದೆ ಪಾಸಾದ ಹೀಟರನ್ನು ಯಾರೂ ಕಂಡಿರಲಿಲ್ಲ. ನಮ್ಮ ಯಜಮಾನರು ವರದಿಯನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು. ನಾನೂ ಬೀಗಿದೆ. ಅತ್ತ ಕಾರ್ಖಾನೆಯಲ್ಲಿ ಆರುನೂರು ಹೀಟರುಗಳ ಬೆನ್ನಿಗೆ ಮುದ್ರೆ ಬಿತ್ತು, ಹಡಗು ಹತ್ತಿದವು, ಬಂದು ಬಂದರಿನ ಗೋದಾಮಿನಲ್ಲಿ ಕೂತವು. ಇನ್ನು ಬಿಡುಗಡೆಯ ಚೀಟಿ ಒಂದು ಬಾಕಿ. ಬುಧವಾರ ಹಾಸ್ಟೆಲ್ಲಿನ ಲಾರಿ ನೇರ ಗೋದಾಮಿಗೇ ಬರುವುದೆಂದು ಮಾತಾಗಿತ್ತು.

ಸೋಮವಾರ ಬೆಳಿಗ್ಗೆ ಅಣ್ಣನ ಫೋನು. ಅತ್ತಿಗೆ ಆಸ್ಪತ್ರೆಯಲ್ಲಿದ್ದಾಳೆ ಅಂದ. ಕಚೇರಿಗೆ ರಜೆ ಹೇಳಿ ಓಡಿದೆ.

ಆಗಿದ್ದು ಇಷ್ಟು. ಚಳಿ ಶುರುವಾಗಿತ್ತೆಂದು ಅತ್ತಿಗೆ ಮೂಲೆಯಲ್ಲಿದ್ದ ಆ ಎರಡನೇ ಮಾದರಿಯನ್ನು ತೆಗೆದು ಹಚ್ಚಿದ್ದಳು. ಪಾತ್ರೆ ತೊಳೆದು ಬಂದ ಒದ್ದೆ ಕೈಯಲ್ಲಿ ಅದನ್ನು ಸ್ವಲ್ಪ ಸರಿಸಹೋದಳು. ಕರೆಂಟು ಅವಳನ್ನು ಎತ್ತಿ ಗೋಡೆಗೆ ಒಗೆಯಿತು. ಜೀವ ಉಳಿದದ್ದೇ ದೊಡ್ಡದು. ಬಲಗೈ ಅಂಗೈ ಸುಟ್ಟಿತ್ತು, ಮುಂಗೈ ಮೂಳೆ ಮುರಿದಿತ್ತು. ಎರಡು ಬೆರಳು ಮತ್ತೆ ಮಡಚುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಆಸ್ಪತ್ರೆಯ ಉದ್ದ ವರಾಂಡದಲ್ಲಿ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಷ್ಟೊಂದು ಪರೀಕ್ಷೆ ಗೆದ್ದ ಹೀಟರ್ ಹೀಗೆ ಹೇಗೆ ಹೊಡೆಯಿತು ಎಂದು ಕೇಳಿದೆ. ಅವನು ನನ್ನ ಮುಖ ನೋಡದೆ ಹೇಳಿದ.

"ಲ್ಯಾಬಿಗೆ ಹೋಗಿದ್ದನ್ನ ಸ್ವಲ್ಪ ಒಪ್ಪ ಮಾಡಿ ಕಳಿಸಿದ್ದೆ. ಒಳಗಡೆ ಅರ್ಥ್ ತಂತಿ ಸ್ಕ್ರೂ ಸಡಿಲ ಇತ್ತು. ಒಂದು ವಾಷರ್ ಹಾಕಿ ಬಿಗಿ ಮಾಡಿದೆ. ಇನ್ನೊಂದು ತಂತಿ ತಗಡಿನ ಅಂಚಿಗೆ ಉಜ್ತಾ ಇತ್ತು, ಅದಕ್ಕೊಂದು ಕೊಳವೆ ತೊಡಿಸಿದೆ. ಅಷ್ಟೇ. ಹೊರಗಡೆಯವರ ಕೈಗೆ ಹೋಗೋದಲ್ವಾ ಅಂತ."

"ಮನೇದು?"

"ಮನೇದು ತಾನೇ, ಆಮೇಲೆ ನೋಡೋಣ ಅಂತ ಬಿಟ್ಟೆ."

ಫೋಟೋ ತೆಗೆಸುವ ದಿನ ಮಗುವಿಗೆ ತಲೆ ಬಾಚಿ ಕಳಿಸಿದೆ ಅನ್ನುವ ಹಾಗೆ ಹೇಳಿದ. ಅದರಲ್ಲಿ ಮೋಸ ಇದೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆ ವರಾಂಡದಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಎರಡು ಸಲ ನರ್ಸ್ ಬಂದು ಮೆಲ್ಲಗೆ ಎಂದು ಗದರಿದಳು. ಬಂದರಿನಲ್ಲಿರುವ ಆರುನೂರೂ ಮನೆಯಲ್ಲಿದ್ದ ಹೀಟರಿನ ಒಡಹುಟ್ಟಿದವು, ಲ್ಯಾಬಿಗೆ ಹೋದದ್ದರ ಹಾಗಿರುವುದು ಜಗತ್ತಿನಲ್ಲಿ ಅದೊಂದೇ ಎಂದು ಅವನಿಗೆ ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೆ ಅವನ ಮುಖದ ರಕ್ತ ಇಳಿದುಹೋಯಿತು.

ಸ್ವಲ್ಪ ಹೊತ್ತಾದ ಮೇಲೆ ಅವನೇ ಒಂದು ದಾರಿ ಹೇಳಿದ. ಸರಕು ಹೊರಗೆ ಬರಲಿ, ಒಂದೊಂದನ್ನೂ ತಾನೇ ಬಿಚ್ಚಿ ಸರಿಮಾಡುತ್ತೇನೆ ಅಂದ. ಬುಧವಾರ ಲಾರಿ ಬರುತ್ತದಲ್ಲ ಅಂದೆ. ಹಾಸ್ಟೆಲ್ಲಿಗೇ ಹೋಗಿ ಕೋಣೆ ಕೋಣೆಗೂ ತಿರುಗಿ ಮಾಡುತ್ತೇನೆ ಅಂದ. ಮಾಡುತ್ತಿದ್ದ ಕೂಡ, ಸುಳ್ಳು ಹೇಳುವವನಲ್ಲ. ಆದರೆ ಒಬ್ಬ ಮನುಷ್ಯ, ನಾನೂರು ಕೋಣೆ. ಅವನು ಮುಟ್ಟುವ ಮೊದಲೇ ಯಾವಳೋ ಒಬ್ಬಳು ತಲೆಸ್ನಾನ ಮಾಡಿ ಬಂದು ಒದ್ದೆ ಕೈ ಇಟ್ಟರೆ? ಬಾಗಿಲ ಸಂದಿನಿಂದ ಅತ್ತಿಗೆಯ ಕಟ್ಟು ಹಾಕಿದ ಕೈ ಕಾಣುತ್ತಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನನಗೆ ಇನ್ನೊಂದು ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ಕಂಟೇನರ್ ಆಟದ ಸಾಮಾನು ನಮ್ಮ ಭಾಷೆಯ ಲೇಬಲ್ ಇಲ್ಲದೆ ಬಂದಿತ್ತು. ನಾವೇ ಹೋಗಿ ತಪ್ಪೊಪ್ಪಿಕೊಂಡಾಗ ಅಧಿಕಾರಿಗಳು ಗೋದಾಮಿನೊಳಗೇ ಒಂದು ಮೇಜು ಹಾಕಿಸಿಕೊಟ್ಟರು. ಎರಡು ದಿನ ಕೂತು ಲೇಬಲ್ ಅಂಟಿಸಿದೆವು, ಸರಕು ಬಿಟ್ಟರು. ಹಾಗೆಯೇ ಇದಕ್ಕೂ ಮೇಜು ಕೊಡುತ್ತಾರೆ ಎಂದು ಲೆಕ್ಕ ಹಾಕಿದೆ. ಹೋಗಿ ನಿಜ ಹೇಳಿಬಿಡೋಣ, ನೀನು ಗೋದಾಮಿನಲ್ಲೇ ಕೂತು ಸರಿಮಾಡು, ಲಾರಿ ಎರಡು ವಾರ ತಡವಾಗಿ ಬರಲಿ ಎಂದು ಅಣ್ಣನಿಗೆ ಹೇಳಿದೆ. ಅವನು ಒಂದೇ ಒಂದು ಸಲ ಕೇಳಿದ.

"ಖಂಡಿತ ಬಿಡ್ತಾರಾ?"

"ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ನಂಗೊತ್ತಿಲ್ವಾ?"

ಈ ಮಾತನ್ನು ನೆನೆದರೆ ಇವತ್ತಿಗೂ ನಾಲಿಗೆ ಕಿತ್ತುಕೊಳ್ಳೋಣ ಅನ್ನಿಸುತ್ತದೆ.

ಮಾರನೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಲಕರಣೆಯ ಚೀಲ ಹೆಗಲಿಗೇರಿಸಿಕೊಂಡು ಬಂದರಿಗೆ ಬಂದ. ಚೀಲದಲ್ಲಿ ಸಾವಿರ ವಾಷರ್ ಇದ್ದವು. ಒಂದಕ್ಕೆ ಹತ್ತು ನಿಮಿಷ, ದಿನಕ್ಕೆ ಐವತ್ತು, ಹನ್ನೆರಡು ದಿನ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದು ತಂದಿದ್ದೆ.

ಗುಣಮಟ್ಟದ ಅಧಿಕಾರಿ ಇನ್ನೂ ಹುಡುಗು ಮುಖದವನು. ದಪ್ಪ ಗಾಜಿನ ಕನ್ನಡಕದವನು, ನಮ್ಮ ಕಚೇರಿಯಲ್ಲಿ ಅವನಿಗೆ ಕನ್ನಡಕ ಎಂದೇ ಹೆಸರು. ಕೂಗಾಡುವವನಲ್ಲ, ಕೈ ಚಾಚುವವನೂ ಅಲ್ಲ. ನನ್ನ ಪತ್ರವನ್ನು ಎರಡು ಸಲ ಓದಿದ. ಇದನ್ನು ಬರವಣಿಗೆಯಲ್ಲಿ ಕೊಡುತ್ತಿದ್ದೀರಾ ಎಂದು ಕೇಳಿದ. ಹೌದು ಎಂದು ಎದೆಯುಬ್ಬಿಸಿ ಹೇಳಿದೆ. ಅವನು ಮೊಹರು ಒತ್ತಿ ತೆಗೆದುಕೊಂಡ. ಅಲ್ಲಿಗೆ ಮುಗಿಯಿತು.

ನಾನು ಮೇಜಿನ ಮಾತು ಎತ್ತಿದಾಗ ಅವನಿಗೆ ನಿಜವಾಗಿಯೂ ಬೇಜಾರಾಯಿತು. ಲೇಬಲ್ ಹೊರಗಿನದು ಮೇಡಂ, ಇದು ಒಳಗಿನದು ಎಂದು ವಿವರಿಸಿದ. ಮಾದರಿಗೆ ಕೈ ಹಾಕಿದ್ದರಿಂದ ಆ ವರದಿ ರದ್ದು. ವರದಿ ಇಲ್ಲವೆಂದ ಮೇಲೆ ಮುದ್ರೆಯೂ ಸುಳ್ಳು. ಸುಳ್ಳು ಮುದ್ರೆಯ ಸರಕನ್ನು ಗೋದಾಮಿನಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಹಡಗಿನಲ್ಲಿ ವಾಪಸ್ಸು ಕಳಿಸಬೇಕು, ಇಲ್ಲವೇ ನಾಶ ಮಾಡಬೇಕು. ಅಣ್ಣನಿಗೆ ಇದೆಲ್ಲ ತಲೆಗೆ ಹೋಗಲಿಲ್ಲ. ಅವನು ಆಗಲೇ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡಿದ್ದ.

"ಒಂದು ತರಿಸಿ ಸಾರ್. ನಿಮ್ಮ ಕಣ್ಣೆದುರಿಗೇ ಸರಿಮಾಡಿ ತೋರಿಸ್ತೀನಿ. ಹತ್ತು ನಿಮಿಷ."

"ನೀವು ಚೆನ್ನಾಗೇ ಮಾಡ್ತೀರ. ತೊಂದರೆ ಆಗಿರೋದೇ ಅದರಿಂದ" ಎಂದ ಕನ್ನಡಕ. "ಪರೀಕ್ಷೆ ಪಾಸಾಗಿದ್ದು ನಿಮ್ಮ ಕೈ, ಹೀಟರ್ ಅಲ್ಲ."

ಅಣ್ಣ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ ಚೀಲದ ದಾರ ಕಟ್ಟಿದ. ಗಂಟು ಬೀಳಲು ಬಹಳ ಹೊತ್ತು ಹಿಡಿಯಿತು.

ಕಾರ್ಖಾನೆಯವರಿಗೆ ಆರು ಪತ್ರ ಬರೆದೆ. ಮಾದರಿ ಪಾಸಾಯಿತಲ್ಲ, ನಮ್ಮ ಕೆಲಸ ಮುಗಿಯಿತು, ಬಿಚ್ಚಿದವರು ನೀವು ಎಂದು, ಸರಕನ್ನು ವಾಪಸ್ಸು ತೆಗೆದುಕೊಳ್ಳಲೂ ಒಪ್ಪದೆ ಕೈ ತೊಳೆದುಕೊಂಡರು. ಹಾಸ್ಟೆಲ್ಲಿನವರು ಬೇರೆ ಕಡೆ ಕೊಂಡರು. ನಮ್ಮ ಯಜಮಾನರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ಆಮೇಲೆ ಮಾತಾಡಿದ್ದು ಅದಕ್ಕಿಂತ ಕೆಟ್ಟದಾಗಿತ್ತು. ಅಣ್ಣ ಮಾತ್ರ ನಾಶಕ್ಕೆ ಒಪ್ಪಿಗೆ ಎಂಬಲ್ಲಿ ಸಹಿ ಹಾಕಿ, ಎಷ್ಟು ಗಂಟೆಗೆ ಬರಬೇಕು ಎಂದಷ್ಟೇ ಕೇಳಿದ.

ಬಂದರಿನ ಹಿಂದೆ ಗೋಡೆ ಕಟ್ಟಿದ ಒಂದು ಬಯಲಿದೆ. ಅಲ್ಲಿ ಸಾಮಾನನ್ನು ಅಪ್ಪಚ್ಚಿ ಮಾಡುವ ಒಂದು ಒತ್ತುಯಂತ್ರ. ಯಂತ್ರಕ್ಕೆ ಹಾಕುವ ಮೊದಲು ಪ್ರತಿ ಹೀಟರಿನ ವೈರು ಕತ್ತರಿಸಿ, ಒಳಗಿನ ಸುರುಳಿ ತೆಗೆಯಬೇಕೆಂದು ನಿಯಮ. ಅಲ್ಲಿ ಇದ್ದವರು ಇಬ್ಬರೇ ಕೂಲಿಯವರು, ಅವರು ಸುತ್ತಿಗೆಯಲ್ಲಿ ಬಡಿದು ಒಂದನ್ನು ಬಿಚ್ಚಲು ಕಾಲು ಗಂಟೆ ತೆಗೆದುಕೊಂಡರು. ಹೀಗಾದರೆ ಇದು ಎರಡು ವಾರದ ಬಾಬತ್ತು ಎಂದು ಯಂತ್ರದವನು ಗೊಣಗಿದ. ಅಣ್ಣ ಹೀಟರಿನ ಒಂದು ಪೆಟ್ಟಿಗೆ ಎಳೆದುಕೊಂಡು ನೆಲದ ಮೇಲೆ ಕೂತು, ಕೊಡಿ ಇಲ್ಲಿ ಅಂದ.

ಕೂಲಿಯವರು ವೈರು ಕತ್ತರಿಸಿ ಕೊಟ್ಟ ಹಾಗೆ ಮೊದಲ ದಿನ ಇನ್ನೂರ ಎಪ್ಪತ್ತು, ಎರಡನೇ ದಿನ ಉಳಿದದ್ದು. ಬಡಿಯಲಿಲ್ಲ, ಹರಿಯಲಿಲ್ಲ. ಒಂದೊಂದು ಸ್ಕ್ರೂವನ್ನೂ ತಿರುಗಿಸಿಯೇ ತೆಗೆದ. ಪುಡಿಯಾಗೋ ಮಾಲಿಗೆ ಯಾಕೆ ಸಾರ್ ಇಷ್ಟು ನಾಜೂಕು ಎಂದು ಕೂಲಿಯವನು ನಕ್ಕ. ಅಣ್ಣ ಮುಂದಿನ ಹೀಟರನ್ನು ಎಳೆದುಕೊಂಡ. ನಾನೂ ಕೈಜೋಡಿಸೋಣ ಎಂದು ಪಕ್ಕದಲ್ಲಿ ಕೂತು ಒಂದನ್ನು ಎತ್ತಿಕೊಂಡೆ. ಅವನು ಅದನ್ನು ನನ್ನ ಕೈಯಿಂದ ತೆಗೆದು ತನ್ನ ಬದಿಗೆ ಇಟ್ಟುಕೊಂಡ. ಸಿಟ್ಟಿನಿಂದಲ್ಲ, ಬಿಸಿ ಪಾತ್ರೆಯನ್ನು ಮಕ್ಕಳಿಂದ ದೂರ ಸರಿಸುವ ಹಾಗೆ. ನಾನು ಎದ್ದುಹೋಗಿ ಗೋಡೆಗೆ ಒರಗಿ ನಿಂತೆ. ಎರಡು ದಿನವೂ ಹಾಗೇ ನಿಂತಿದ್ದೆ.

ಸಂಜೆ ಕನ್ನಡಕ ತಂದ ಹಾಳೆಯಲ್ಲಿ ಇಬ್ಬರೂ ಸಹಿ ಹಾಕಿ ಬಸ್ ಸ್ಟಾಪಿಗೆ ನಡೆದೆವು. ಅಣ್ಣನ ಬೆರಳ ತುದಿಗಳು ಸುಲಿದು ಕೆಂಪಗಾಗಿದ್ದವು. ಬಸ್ಸಿಗೆ ಕಾಯುತ್ತ ಅವನು ಕೇಳಿದ.

"ನೀನು ಬರೆದು ಕೊಡದೆ ಇದ್ದಿದ್ರೆ ಅವರಿಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ನೀನು ಮಾಡಿದ್ದು ಸರಿ. ಅವಳ ಕೈ ನೋಡಿದಾಗೆಲ್ಲ ಸರಿ ಅಂತಾನೇ ಅನ್ಸುತ್ತೆ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಆದ್ರೆ ಸ್ವಲ್ಪ ದಿನ ಮನೆ ಕಡೆ ಬರಬೇಡ. ನಿನ್ನ ಮುಖ ನೋಡಿದ್ರೆ ನಂಗೆ ತಡಕೊಳ್ಳೋಕಾಗಲ್ಲ."

ಇಡೀ ಬಂದರಿಗೆ ಕೇಳುವ ಬಾಯಿ ನನ್ನದು. ಸ್ವಲ್ಪ ದಿನ ಅಂದರೆ ಎಷ್ಟು ದಿನ ಎಂದಾದರೂ ಕೇಳಬೇಕಿತ್ತು. ಬಸ್ಸು ಬಂತು, ಅವನು ಹತ್ತಿ ಹೋದ.

ಈಗ ಏಳು ತಿಂಗಳಾಯಿತು. ಅಣ್ಣ ಒಂದು ದೊಡ್ಡ ಅಂಗಡಿಯಲ್ಲಿ ಸಮವಸ್ತ್ರ ಹಾಕಿಕೊಂಡು ಹೊಸ ಫ್ಯಾನುಗಳನ್ನು ಡಬ್ಬಿ ಸಮೇತ ಗಿರಾಕಿಗಳಿಗೆ ಎತ್ತಿಕೊಡುತ್ತಾನಂತೆ. ಡಬ್ಬಿ ಬಿಚ್ಚಲು ಅವನಿಗೆ ಅನುಮತಿ ಇಲ್ಲವಂತೆ. ಇದೆಲ್ಲ ಅತ್ತಿಗೆ ಹೇಳಿದ್ದು. ಅವನು ಕೆಲಸಕ್ಕೆ ಹೋದ ಮೇಲೆ ಎಡಗೈಯಲ್ಲಿ ನಂಬರ್ ಒತ್ತಿ ನನಗೆ ಫೋನು ಮಾಡುತ್ತಾಳೆ. ಮೊನ್ನೆ ಮನಸ್ಸು ತಡೆಯದೆ ನಾನೇ ಬಾಯಿಬಿಟ್ಟು ಕೇಳಿದೆ, ಅಣ್ಣ ಯಾವತ್ತಾದರೂ ನನ್ನ ಸುದ್ದಿ ಎತ್ತುತ್ತಾನಾ ಎಂದು. ಅತ್ತಿಗೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಇಲ್ಲ ಕಣೇ ಅಂದಳು.