ಕೀಲಿಕೈಗೊಂದು ಕೊಡೆ

ಮೂರನೇ ಮಹಡಿಯ ಕಿಟಕಿಯಿಂದ ಇವತ್ತೂ ಬರೀ ಕೀಲಿಕೈಯೇ ಬಂತು. ಕೆಳಗೆ ಕಾದಿದ್ದ ಬಸ್ ಡ್ರೈವರು ಪಕ್ಕಕ್ಕೆ ಹಾರಿದ. ಅದು ಕಲ್ಲುಚಪ್ಪಡಿಗೆ ಠಣ್ಣೆಂದು ಬಡಿದು ಚರಂಡಿಯ ಅಂಚಿಗೆ ಹೋಗಿ ಬಿತ್ತು.

"ಏನ್ ಡ್ರೈವರ್ ಸಾಹೇಬ್ರೇ, ಮನೆಯವ್ರ ಬಿಸಿ ಇನ್ನೂ ಇಳಿದಿಲ್ವಾ?" ಎಂದ ಎದುರಿನ ಪಂಕ್ಚರ್ ಅಂಗಡಿಯವನು. "ಇನ್ನೊಂದು ಕೀ ಮಾಡಿಸ್ಕೊಳ್ಳಿ, ತಲೆ ಉಳಿಯತ್ತೆ."

ಎಳೆದರೆ ತಾನೇ ಬೀಗ ಬೀಳುವ ಆ ಬೀದಿಬಾಗಿಲಿಗೆ ಇದ್ದದ್ದು ಒಂದೇ ಕೀಲಿಕೈ. ಅದು ಮನೆಯಲ್ಲೇ ಇರುತ್ತಿತ್ತು. ಹೆಂಡತಿಗೆ ಮಂಡಿನೋವು, ಮೆಟ್ಟಿಲು ಇಳಿಯಲಾರಳು; ಅವನು ಬಂದಾಗ ಕಿಟಕಿಯಿಂದಲೇ ಎಸೆಯುತ್ತಿದ್ದಳು. ಹಿಂದೊಮ್ಮೆ ಅವಳು ಎಸೆದದ್ದು ಅವನ ಅಂಗೈ ಸೀಳಿತ್ತು. ಅಂದೇ ಅವಳು ರವಿಕೆಗೆ ಹಾಕಿ ಮಿಕ್ಕ ಲೈನಿಂಗ್ ಬಟ್ಟೆಯಲ್ಲಿ ಪ್ಯಾರಾಚೂಟಿನಂಥ ಪುಟ್ಟ ಕೊಡೆ ಹೊಲಿದು, ನಾಲ್ಕು ಮೂಲೆಯ ದಾರಕ್ಕೆ ಕೀಲಿಕೈ ಕಟ್ಟಿದ್ದಳು. ಅದೇ ಕೀಲಿಕೈ, ಅದೇ ಎತ್ತರ. ಕರ್ಚೀಫಿನಗಲದ ಬಟ್ಟೆಗೆ ಗಾಳಿ ಅಡ್ಡ ನಿಂತರೆ ಎಷ್ಟು ನಿಧಾನ! ಅವನು ಕೈಯೊಡ್ಡಿದರೆ ಸಾಕಿತ್ತು.

ಕಳೆದ ವಾರ ಮನೆಗೆ ಬಂದಿದ್ದ ತನ್ನ ತಂಗಿಯನ್ನು ನಗಿಸಲೆಂದು, "ಇವಳ ಹೊಲಿಗೆಗಿಂತ ಗೋಣಿಚೀಲದ್ದೇ ವಾಸಿ" ಎಂದುಬಿಟ್ಟಿದ್ದ. ತಂಗಿ ನಕ್ಕಳು. ಒಳಗೆ ಹೆಂಡತಿಯ ಹೊಲಿಗೆ ಮೆಷಿನ್ ನಿಂತಿತು. ಮಾರನೆಯ ದಿನದಿಂದ ಕೊಡೆಯೂ ಇಲ್ಲ, ಮಾತೂ ಇಲ್ಲ. ಇನ್ನೊಂದು ಕೀಲಿಕೈ ಮಾಡಿಸಿದರೆ ಅವಳು ಕಿಟಕಿಗೆ ಬರುವುದೂ ನಿಂತೀತೆಂದು ಅವನಿಗೆ ಹೆದರಿಕೆ.

ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲೊಲ್ಲದು. ಡಿಪೋದಲ್ಲಿ ಊಟದ ಬಿಡುವಿನಲ್ಲಿ ಕೂತು, ಬೆರಳು ಚುಚ್ಚಿಕೊಂಡು, ತನ್ನ ಕರ್ಚೀಫಿಗೆ ತಾನೇ ದಾರ ಹೊಲಿದ. ಬೆಳಿಗ್ಗೆ ಅದನ್ನು ಕೀಲಿಕೈಗೆ ಕಟ್ಟಿ ಕಿಟಕಿಯಲ್ಲಿಟ್ಟು ಹೊರಟ.

ಸಂಜೆ ಅವಳು ಅದನ್ನೇ ಬಿಟ್ಟಳು. ಒಂದು ದಾರ ಉದ್ದ, ಇನ್ನೊಂದು ಗಿಡ್ಡ. ಕರ್ಚೀಫು ಬಿಚ್ಚಿಕೊಳ್ಳದೆ ಮುದುಡಿಕೊಂಡೇ ಬಂದು ಅವನ ಭುಜಕ್ಕೆ ಬಡಿಯಿತು.

"ಯಾರ್ರೀ ಹೊಲಿದಿದ್ದು ಇದನ್ನ?"

ವಾರದ ಮೇಲೆ ಅವಳಾಡಿದ ಮೊದಲ ಮಾತು. ಪಂಕ್ಚರ್ ಅಂಗಡಿಯವನು ಕಿವಿ ನಿಮಿರಿಸಿ ಕೂತಿದ್ದ. ಡ್ರೈವರು ಭುಜ ಉಜ್ಜಿಕೊಳ್ಳುತ್ತ, ಬೀದಿಗೆಲ್ಲ ಕೇಳುವಂತೆ ಕೂಗಿದ:

"ಗೋಣಿಚೀಲ ಹೊಲಿಯೋನು ನಾನೇ ಕಣೇ! ನಿನ್ ಕೈ ಹೊಲಿಗೆ ನಂಗೆಲ್ಲಿ ಬರ್ಬೇಕು?"

ಕಿಟಕಿ ಮುಚ್ಚಿಕೊಂಡಿತು.

ಮರುದಿನ ಸಂಜೆ ಗಾಳಿ ಜೋರಾಗಿತ್ತು. ಕಿಟಕಿ ತೆರೆಯಿತು. ಲೈನಿಂಗ್ ಬಟ್ಟೆಯ ಕೊಡೆ ಅರಳಿಕೊಂಡು ಬೀದಿಯ ಆಚೆ ಬದಿಗೆ ತೇಲಿತು. ಅವನು ಎರಡೂ ಕೈ ಚಾಚಿ, ಕತ್ತೆತ್ತಿಕೊಂಡೇ ಅದರ ಹಿಂದೆ ಹೋದ. ಸೈಕಲ್ಲಿನವನೊಬ್ಬ ಬೈದು ದಾಟಿದ.

"ಎಡಕ್ಕೆ ರೀ, ಇನ್ನೂ ಎಡಕ್ಕೆ!" ಎಂದಳು ಅವಳು.

ಕೀಲಿಕೈ ಇನ್ನೂ ಎರಡನೇ ಮಹಡಿಯ ಎತ್ತರದಲ್ಲೇ ಇತ್ತು.